ಬಾಯಾರಿದ ಕಲ್ಲಿಗೆ ನೀರು ಕುಡಿಸಿದವರು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಕಾರ್ಖಾನೆ ಎನ್ನುವುದು ಈ ಜಾಗಕ್ಕೆ ದೊಡ್ಡ ಮಾತು. ಎರಡನೇ ಮಹಡಿಯ ಒಂದು ಉದ್ದನೆಯ ಕೋಣೆ, ಐದು ಸಾಣೆಚಕ್ರ, ಒಂದು ನಲ್ಲಿ, ಪೂರ್ವದ ಗೋಡೆಗೆ ಒಂದೇ ಒಂದು ಕಿಟಕಿ. ಕಿಟಕಿ ಪಕ್ಕದ ಮೇಜಿನ ಮುಂದೆ ಐವತ್ತೊಂದು ವರ್ಷದ ಹೆಂಗಸೊಬ್ಬರು ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ ಕೂತಿದ್ದಾರೆ. ದೀಪ ಹಾಕಲು ಹೋದ ನನ್ನನ್ನು ತಡೆಯುತ್ತಾರೆ. "ಬೇಡ. ಬಲ್ಬಿನ ಬೆಳಕಲ್ಲಿ ಕಲ್ಲು ಸುಳ್ಳು ಹೇಳುತ್ತೆ. ಬಿಸಿಲು ಬರ್ಲಿ, ತೆಗೀತೀನಿ."

ಡಬ್ಬಿಯೊಳಗೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟ ಹನ್ನೆರಡು ಓಪಲ್ ಕಲ್ಲುಗಳಿವೆ. ಹತ್ತು ದಿನದಿಂದ ಒಣಗುತ್ತಿವೆ. ಒಂಬತ್ತು ಗಂಟೆಗೆ ಯಜಮಾನರು ಬಂದು ನೋಡುತ್ತಾರೆ. ಹನ್ನೆರಡರಲ್ಲಿ ಎರಡು ಕಲ್ಲು ಕೆಟ್ಟಿದ್ದರೂ ಸಾಕು, ಮೂಲೆಯಲ್ಲಿ ಆರು ವರ್ಷದಿಂದ ಗೋಣಿಬಟ್ಟೆ ಹೊದ್ದು ಕೂತಿರುವ ಐದನೆಯ ಚಕ್ರ ಸೋಮವಾರದಿಂದ ಮತ್ತೆ ತಿರುಗುತ್ತದೆ. ಅದು ನೀರು ಬಿಡದೆ ಸಾಣೆ ಹಿಡಿಯುವ ಒಣ ಚಕ್ರ. ಅದರ ಮುಂದೆ ಕೂರಬೇಕಾದವಳು ಹೋದ ತಿಂಗಳಷ್ಟೇ ಹೊಲಿಗೆ ಬಿಟ್ಟು ಇಲ್ಲಿ ಸೇರಿದ, ಎರಡು ಮಕ್ಕಳ ತಾಯಿ. ಅದರ ಮುಂದೆ ಕೊನೆಯ ಸಲ ಕೂತಿದ್ದವಳು ಈ ಹೆಂಗಸಿನ ಒಡಹುಟ್ಟಿದ ತಂಗಿ. ಆಕೆ ಈಗಿಲ್ಲ.

ಇಲ್ಲಿ ಎಲ್ಲರೂ ಇವರನ್ನು ನೀರಕ್ಕ ಎನ್ನುತ್ತಾರೆ. ಯಾರ ಚಕ್ರದ ಮೇಲೆ ನೀರು ತೊಟ್ಟಿಕ್ಕುವುದು ನಿಂತರೂ ಇವರಿಗೆ ತಡೆಯದು, ತಾವೇ ಎದ್ದು ಹೋಗಿ ಚೆಂಬಿನಲ್ಲಿ ಸುರಿಯುತ್ತಾರೆ. ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಬಕೆಟ್. "ಇವರ ಕಾಟಕ್ಕೆ ನಮಗೆ ನೆಗಡಿ ಬಿಟ್ಟ ದಿನವೇ ಇಲ್ಲ" ಎಂದು ಪಕ್ಕದ ಚಕ್ರದವರು ದೂರುತ್ತಾರೆ. ನೀರಕ್ಕ ಕೇಳಿಸಿಯೂ ಕೇಳಿಸದವರ ಹಾಗೆ ಚೆಂಬು ತುಂಬಿಸುತ್ತಾರೆ.

ನಿಜ ಹೇಳಬೇಕೆಂದರೆ ನಾನು ಮೊದಲ ಸಲ ಇಲ್ಲಿಗೆ ಬಂದದ್ದು ಇವರನ್ನು ಹುಡುಕಿಕೊಂಡಲ್ಲ. ಓಪಲ್‌ನಲ್ಲಿ ಎಷ್ಟು ಬಗೆ, ಯಾವುದು ಕಿವಿಗೆ ಒಪ್ಪುತ್ತದೆ, ಯಾವುದು ಬೆರಳಿಗೆ ಎಂದು ಪತ್ರಿಕೆಯ ಪುರವಣಿಗೆ ಅರ್ಧ ಪುಟ ಬರೆದುಕೊಡಬೇಕಿತ್ತು. ಯಜಮಾನರು ಕಿಟಕಿಯತ್ತ ಕೈತೋರಿಸಿ, "ಅವರನ್ನ ಕೇಳಿ, ಅವರಿಗೆ ಗೊತ್ತಿಲ್ಲದ ಕಲ್ಲಿಲ್ಲ" ಎಂದರು. ನೀರಕ್ಕ ನನ್ನ ಮುಖ ನೋಡುವ ಮೊದಲು ನನ್ನ ಓಲೆ ನೋಡಿದರು. "ಇದು ಅಂಟಿಸಿದ್ದು. ಮೇಲಿನ ಪದರ ಮಾತ್ರ ಓಪಲ್. ಬಣ್ಣ ಎದ್ದು ಕಾಣ್ಲಿ ಅಂತ ಕೆಳಗೆ ಕಪ್ಪು ಕಲ್ಲು ಕೂಡಿಸಿದಾರೆ. ಸ್ನಾನಕ್ಕೆ ಹೋಗುವಾಗ ತೆಗೆದಿಡಿ, ಇಲ್ಲಾಂದ್ರೆ ಬಿಟ್ಕೊಳ್ಳುತ್ತೆ." ಅದು ಮದುವೆಯಲ್ಲಿ ಅತ್ತೆ ಕೊಟ್ಟ ಓಲೆ. ಹದಿನೆಂಟು ವರ್ಷ ಅದನ್ನು ಹಾಕಿಕೊಂಡು ಮೆರೆದವಳ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಇವರ ಬಾಯಲ್ಲಿ ಓಪಲ್‌ಗಳಿಗೆ ಅಂಗಡಿಯ ಹೆಸರಿಲ್ಲ, ಮನೆಯ ಹೆಸರಿದೆ. ಮಬ್ಬು ಬಿಳುಪಿನೊಳಗೆ ಬಣ್ಣ ಅಡಗಿಸಿಟ್ಟುಕೊಂಡಿರುವುದು 'ಹಾಲು'. ಓಲೆಗೂ ಸಣ್ಣ ಸರಕ್ಕೂ ಅದೇ ಹೆಚ್ಚು ಹೋಗುತ್ತದೆ. ಕಪ್ಪು ಮೈಯಲ್ಲಿ ಕೆಂಪು ಹಸಿರು ಮಿಂಚುವ ಕರಿ ಓಪಲ್ 'ಕಾಡಿಗೆ'. ಎಲ್ಲಕ್ಕಿಂತ ದುಬಾರಿ, ಉಂಗುರದ ನಡುವೆ ಬೇರೆ ಯಾವ ಕಲ್ಲನ್ನೂ ಪಕ್ಕಕ್ಕೆ ಸೇರಿಸದು. ಕಿತ್ತಳೆ ಬಣ್ಣದ ಬೆಂಕಿ ಓಪಲ್ 'ಕೆಂಡ'. ಅದಕ್ಕೆ ಒಳಮಿಂಚು ಬೇಕೆಂದೇನಿಲ್ಲ, ಮೈಬಣ್ಣವೇ ಸಾಕು, ವಜ್ರದ ಹಾಗೆ ಸಣ್ಣ ಸಣ್ಣ ಮುಖ ಬಿಡಿಸಿ ಕೊಯ್ಯಬಹುದು. ಕಂದು ಬಂಡೆಯ ಬಿರುಕಿನಲ್ಲಿ ಬಣ್ಣ ಹರಿದು ನಿಂತಿರುವುದನ್ನು ಬಂಡೆಯ ಸಮೇತ ಕೊಯ್ದು ಪದಕ ಮಾಡುತ್ತಾರೆ. "ಎಲ್ಲಾ ಓಪಲ್ಲೂ ಮೆತ್ತಗಿನ ಕಲ್ಲೇ. ಉಂಗುರಕ್ಕೆ ಹಾಕಿದ್ರೆ ಸುತ್ತ ಚಿನ್ನದ ಕಟ್ಟೆ ಕಟ್ಟಬೇಕು. ಪಾತ್ರೆ ತೊಳೆಯೋ ಕೈಗೆ ಇದು ಆಗಲ್ಲ. ಕಿವಿಗೆ ಹಾಕ್ಕೊಳ್ಳಿ, ಮೈಯಲ್ಲಿ ಕೆಲಸ ಮಾಡದೆ ಇರೋದು ಅದೊಂದೇ."

ಕೊನೆಯದು 'ಬಾಯಾರಿದ ಕಲ್ಲು'. ಈ ಹೆಸರು ಹೇಳುವಾಗ ಮಾತ್ರ ನೀರಕ್ಕನ ದನಿ ಇಳಿಯುತ್ತದೆ. ಇದು ನೀರು ಕುಡಿಯುವ ಓಪಲ್. ನಾಲಿಗೆಗೆ ಮುಟ್ಟಿಸಿದರೆ ಅಂಟಿಕೊಳ್ಳುತ್ತದೆ. ನೀರಿಗೆ ಹಾಕಿದರೆ ಸಣ್ಣ ಗುಳ್ಳೆ ಬಿಡುತ್ತಾ ಕುಡಿದು, ಗಾಜಿನ ಚೂರಿನಂತಾಗಿಬಿಡುತ್ತದೆ. ಬಣ್ಣವೆಲ್ಲ ಮಾಯ. ಒಣಗಿದ ಮೇಲೆ ಸಾಮಾನ್ಯವಾಗಿ ಬಣ್ಣ ಮರಳುತ್ತದೆ, ಕೆಲವೊಮ್ಮೆ ಕಲ್ಲೇ ಬಿರುಕು ಬಿಡುತ್ತದೆ. ಬೇರೆ ಓಪಲ್‌ಗಳನ್ನೆಲ್ಲ ನೀರು ಬಿಟ್ಟುಕೊಂಡೇ ಸಾಣೆ ಹಿಡಿಯುತ್ತಾರೆ, ಧೂಳು ಏಳುವುದಿಲ್ಲ. ಇದಕ್ಕೆ ನೀರು ಸೋಕಿದರೆ ಬಣ್ಣ ಎಲ್ಲಿದೆ ಎಂದೇ ಕಾಣದು, ಕಾಣದೆ ಕೊಯ್ದರೆ ಬಣ್ಣದ ಪದರವೇ ಸವೆದುಹೋಗಬಹುದು. ಹಾಗಾಗಿ ಇದನ್ನು ಒಣಗಿದ್ದಂತೆಯೇ ಕೊಯ್ಯಬೇಕೆಂಬುದು ಈ ಕೋಣೆಯ ಕಟ್ಟಳೆಯಾಗಿತ್ತು. "ಬಾಯಾರಿದ ಕಲ್ಲಿಗೆ ನೀರು ತೋರಿಸ್ಬೇಡ ಅಂತ ನಮಗೆ ಕಲಿಸಿದ ಮೇಸ್ತ್ರಿ ಹೇಳಿದ್ರು. ನಾನು ಯಾಕೆ ಅಂತ ಕೇಳ್ಲಿಲ್ಲ."

ನೀರಕ್ಕ ಹತ್ತೊಂಬತ್ತಕ್ಕೆ ಈ ಕೋಣೆ ಸೇರಿದವರು. ಮೂವತ್ತೆರಡು ವರ್ಷ ಸಂದಿದೆ. ದಿನಕ್ಕೆ ಎಂಟರಿಂದ ಹದಿನಾಲ್ಕು ಕಲ್ಲು, ಒಂದೊಂದು ಕಲ್ಲೂ ಐದು ಬಗೆಯ ಸಾಣೆ ದಾಟಬೇಕು. ಸೇರಿದ ಆರು ವರ್ಷಕ್ಕೆ, ತಮಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿಯನ್ನು ತಾವೇ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು. ತಂಗಿಗೆ ಕೆಲಸ ಬೇಗ ಕೈಹತ್ತಿತು, ನೀರು ಮಾತ್ರ ಒಗ್ಗಲಿಲ್ಲ. ಬೆರಳು ಬಿಳುಚಿ, ಉಗುರಿನ ಬುಡ ಕೊಳೆತು, ಗೆಣ್ಣು ಒಡೆದು ರಕ್ತ ಬರುತ್ತಿತ್ತು. "ಊಟಕ್ಕೆ ಕೂತ್ರೆ ಉಪ್ಪು ಖಾರ ತಾಗಿ ಕಣ್ಣಲ್ಲಿ ನೀರು. ಅದಕ್ಕೇ ಚಮಚದಲ್ಲಿ ತಿನ್ನೋಳು. ನಾನು ದೊರೆಸಾನಿ ಅಂತ ರೇಗಿಸ್ತಿದ್ದೆ. ಆದ್ರೆ ನೋಡೋಕಾಗ್ತಿರ್ಲಿಲ್ಲ."

ಹದಿನೇಳು ವರ್ಷದ ಹಿಂದೆ ಬಾಯಾರಿದ ಕಲ್ಲು ಮೊದಲ ಸಲ ಬಂದಾಗ ಯಜಮಾನರು ಒಣ ಚಕ್ರ ಹಾಕಿಸಿದರು. ಯಾರನ್ನು ಕೂರಿಸುವುದು ಎಂಬ ತೀರ್ಮಾನವನ್ನು ಹಿರಿಯರಾದ ನೀರಕ್ಕನಿಗೇ ಬಿಟ್ಟರು. ನೀರಿಲ್ಲ, ಚಳಿಯಿಲ್ಲ, ಎಲ್ಲರಿಗೂ ಆ ಜಾಗದ ಮೇಲೆ ಕಣ್ಣಿತ್ತು. ನೀರಕ್ಕ ಅದನ್ನು ತಂಗಿಗೆ ಕೊಟ್ಟರು. "ಸ್ವಂತ ತಂಗಿ ಅಂತ ಒಳ್ಳೇದನ್ನ ಎತ್ತಿಕೊಟ್ಳು ಅಂತ ಮೂರು ತಿಂಗಳು ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡ್ಲಿಲ್ಲ. ಅವರು ಹೇಳಿದ್ದು ನಿಜಾನೇ. ಒಳ್ಳೇದು ಅಂತ್ಲೇ ಕೊಟ್ಟೆ."

ಎರಡೇ ತಿಂಗಳಲ್ಲಿ ತಂಗಿಯ ಕೈ ವಾಸಿಯಾಯಿತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದು ಎಲ್ಲರ ಮುಂದೆ ಬೆರಳು ಕುಣಿಸಿದಳಂತೆ. ಸಂಜೆ ಏಳುವಾಗ ಹುಬ್ಬು, ರೆಪ್ಪೆ, ಕೂದಲೆಲ್ಲ ಬೆಳ್ಳಗೆ. "ಹಿಟ್ಟಿನ ಗಿರಣಿ ಬಂತು" ಎಂದು ಉಳಿದವರು ಛೇಡಿಸಿದರೆ ಅವಳೇ ಮೊದಲು ನಗುತ್ತಿದ್ದಳು. ಒಣ ಕೆಲಸದಲ್ಲಿ ಕಲ್ಲಿನ ಮೇಲಿನ ಪುಡಿಯನ್ನು ಉಫ್ ಎಂದು ಊದಿ, ಬಣ್ಣ ನೋಡಿ, ಮತ್ತೆ ಚಕ್ರಕ್ಕೆ ಹಿಡಿಯಬೇಕು. ದಿನಕ್ಕೆ ಐನೂರು ಸಲವಾದರೂ ಊದಬೇಕು. ಊದಿದ ಮೇಲೆ ಉಸಿರು ಒಳಗೆ ಎಳೆದುಕೊಳ್ಳಲೇಬೇಕಲ್ಲ. ಹನ್ನೊಂದು ವರ್ಷ ಅದನ್ನು ಯಾರೂ ಯೋಚಿಸಲಿಲ್ಲ.

ಮೊದಲು ಕೆಮ್ಮು ಬಂತು. ಶೀತ ಎಂದುಕೊಂಡರು. ಆಮೇಲೆ ಕ್ಷಯ ಎಂದು ಒಂಬತ್ತು ತಿಂಗಳು ಮಾತ್ರೆ ನುಂಗಿಸಿದರು. ಕೊನೆಗೆ ಬೇರೊಬ್ಬ ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇವರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು. ಶ್ವಾಸಕೋಶದ ತುಂಬ ಕಲ್ಲಿನ ಪುಡಿ ಕೂತು ಗಾಯ ಗಟ್ಟಿಯಾಗಿತ್ತು. ಇದಕ್ಕೆ ಔಷಧವಿಲ್ಲ ಎಂದರು. ಆ ವಾರವೇ ಯಜಮಾನರು ಒಣ ಚಕ್ರಕ್ಕೆ ಗೋಣಿ ಹೊದಿಸಿದರು. ಯಜಮಾನರು ಕೆಟ್ಟವರಲ್ಲ, ಅವರಿಗೂ ಗೊತ್ತಿರಲಿಲ್ಲ. ತಂಗಿ ಮತ್ತೆ ಮೂರು ವರ್ಷ ಬದುಕಿದ್ದಳು. ಕೊನೆಕೊನೆಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದಳು, ತಲೆ ಅಕ್ಕನ ಹೆಗಲ ಮೇಲೆ. ತೀರಿಕೊಂಡಾಗ ಅವಳಿಗೆ ನಲವತ್ತನಾಲ್ಕು.

"ಒಂದಿನ ನಾನು ಅಳ್ತಾ ಕೂತಿದ್ದೆ. ಅವಳು ಎರಡೂ ಕೈ ನನ್ನ ಮುಂದೆ ಚಾಚಿ, ಕೈ ಮಾತ್ರ ಎಷ್ಟು ಚೆನ್ನಾಗಿದೆ ನೋಡಕ್ಕ ಅಂದ್ಳು. ನನ್ನ ಸಮಾಧಾನಕ್ಕೆ ಅಂದಿದ್ದು. ಅದನ್ನ ನೆನೆಸಿಕೊಂಡ್ರೆ ಈಗ್ಲೂ ನನಗೆ ತುತ್ತು ಇಳಿಯಲ್ಲ." ಹೇಳುತ್ತಾ ನೀರಕ್ಕ ಡಬ್ಬಿಯ ಮೇಲಿದ್ದ ತಮ್ಮ ಕೈ ನೋಡಿಕೊಳ್ಳುತ್ತಾರೆ. ಒಡೆದ ಕೈ, ಅರ್ಧ ಉಗುರು.

ಆರು ವರ್ಷ ಈ ಕೋಣೆಗೆ ಬಾಯಾರಿದ ಕಲ್ಲು ಬರಲಿಲ್ಲ. ಈ ವರ್ಷ ಅದಕ್ಕೆ ಮತ್ತೆ ಬೇಡಿಕೆ ಬಂದಿದೆ, ಯಜಮಾನರು ದೊಡ್ಡ ಆರ್ಡರ್ ಒಪ್ಪಿಕೊಂಡಿದ್ದಾರೆ. ಮಾಸ್ಕ್ ತರಿಸುತ್ತೇನೆ, ಧೂಳೆಳೆಯುವ ಫ್ಯಾನ್ ಹಾಕಿಸುತ್ತೇನೆ ಎಂದರು. "ಮಾಸ್ಕ್ ಹಾಕ್ಕೊಂಡು ಊದೋದು ಹೇಗೆ? ಹತ್ತು ನಿಮಿಷಕ್ಕೆ ಕಿತ್ತು ಪಕ್ಕಕ್ಕಿಡ್ತಾರೆ. ನಾನಾಗಿದ್ರೂ ಕೀಳ್ತಿದ್ದೆ" ಎನ್ನುತ್ತಾರೆ ನೀರಕ್ಕ. ಹೊಸಬಳ ಹೆಸರು ಒಣ ಚಕ್ರಕ್ಕೆ ಬಂದ ದಿನ ನೀರಕ್ಕ ಎಂದೂ ಇಲ್ಲದ ಹಾಗೆ ಯಜಮಾನರ ಮೇಜಿನ ಮುಂದೆ ಹೋಗಿ ನಿಂತರು. ಈ ಕಲ್ಲನ್ನು ನೀರಲ್ಲೇ ಕೊಯ್ದು ತೋರಿಸುತ್ತೇನೆ, ಹನ್ನೆರಡು ಕಲ್ಲು ಕೊಡಿ ಎಂದರು.

ಅದು ಹುಂಬ ಧೈರ್ಯವಲ್ಲ. ತಂಗಿ ಹೋದ ಮೇಲೆ ಎರಡು ವರ್ಷ, ಅವಳ ಡ್ರಾಯರಿನಲ್ಲಿ ಉಳಿದಿದ್ದ ಚೂರುಗಳಲ್ಲಿ ಇವರು ಯಾರಿಗೂ ಹೇಳದೆ ಕಲಿತದ್ದು. ಒಣ ಕಲ್ಲನ್ನು ಬಿಸಿಲಿಗೆ ಹಿಡಿದು ಅರ್ಧ ದಿನ ತಿರುಗಿಸಿ ನೋಡುತ್ತಾರೆ. ಬಣ್ಣ ಎಷ್ಟು ಆಳದಲ್ಲಿದೆ, ಎತ್ತ ಮುಖ ಮಾಡಿದೆ ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕೂ ಬದಿಯ ಚಿತ್ರ ಬರೆದುಕೊಳ್ಳುತ್ತಾರೆ. ಆಮೇಲೆ ಶುದ್ಧ ನೀರಿನಲ್ಲಿ ಒಂದು ದಿನ ಪೂರ್ತಿ ಮುಳುಗಿಸಿಟ್ಟು, ಗಾಜಾದ ಕಲ್ಲನ್ನು ನೆನಪಿನ ಮೇಲೆ ಕೊಯ್ಯುತ್ತಾರೆ. ಕೊನೆಗೆ ಒದ್ದೆ ಬಟ್ಟೆ, ಅರೆ ಒದ್ದೆ ಬಟ್ಟೆ, ಒಣ ಬಟ್ಟೆ ಎಂದು ಸುತ್ತು ಬದಲಿಸುತ್ತಾ ಹತ್ತು ದಿನ ಒಣಗಿಸುವುದು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು.

ಏಳೂಕಾಲಿಗೆ ಬಿಸಿಲು ಮೇಜು ಮುಟ್ಟುತ್ತದೆ. ನೀರಕ್ಕ ಮುಚ್ಚಳ ತೆಗೆದು ಮೊದಲ ಬಟ್ಟೆ ಬಿಚ್ಚುತ್ತಾರೆ. ಜೇನಿನ ಬಣ್ಣದ ಮೈ, ಒಳಗೆ ಹಸಿರು. ತಿರುಗಿಸಿದರೆ ಹಸಿರಿನ ಹಿಂದಿನಿಂದ ಕೆಂಪು ಎದ್ದು ಬರುತ್ತದೆ. ಬಿರುಕಿಲ್ಲ. ಎರಡನೆಯದು ನೀಲಿ, ಮೂರನೆಯದರಲ್ಲಿ ಎಲ್ಲವೂ ಇದೆ. ಐದು ಬಿಚ್ಚುವಷ್ಟರಲ್ಲಿ ನನಗೇ ಕೂರಲಾಗುವುದಿಲ್ಲ. ಏಳನೆಯದರ ಅಂಚು ಇನ್ನೂ ಮಬ್ಬಾಗಿದೆ ಎಂದು ಅವರು ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಸುಮ್ಮನೆ ಕೂರುತ್ತಾರೆ. ಕಾಲು ಗಂಟೆಯ ಮೇಲೆ ತೆರೆದರೆ ಅಂಚಿಗೂ ಬಣ್ಣ ಬಂದಿದೆ. ಹನ್ನೆರಡನೆಯದನ್ನು ಬಿಚ್ಚಿದಾಗ ಎಂಟು ಗಂಟೆ.

ಯಜಮಾನರು ಸರಿಯಾಗಿ ಒಂಬತ್ತಕ್ಕೆ ಬರುತ್ತಾರೆ. ಭೂತಗನ್ನಡಿ ಕಣ್ಣಿಗೊತ್ತಿ ಒಂದೊಂದನ್ನೂ ನೋಡುತ್ತಾರೆ, ತೂಗುತ್ತಾರೆ, ಮತ್ತೆ ಮೊದಲಿನಿಂದ ನೋಡುತ್ತಾರೆ. "ಒಂದೂ ಹೋಗಿಲ್ಲ" ಎನ್ನುತ್ತಾರೆ, ತಮಗೆ ತಾವೇ ಹೇಳಿಕೊಳ್ಳುವವರಂತೆ. ಸಂಜೆಯೊಳಗೆ ಒಣ ಚಕ್ರವನ್ನು ಬಿಚ್ಚಿ ಗುಜರಿಗೆ ಹಾಕಲು ಹೇಳುತ್ತಾರೆ. ಉಳಿದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಗುತ್ತಾರೆ. ಇನ್ನು ಮೇಲೆ ನೆಗಡಿಗೆ ಔಷಧ ನೀರಕ್ಕನೇ ಕೊಡಿಸಬೇಕು ಎಂದು ಒಬ್ಬರು ಹೇಳುತ್ತಾರೆ.

ನೀರಕ್ಕ ನಗುವುದಿಲ್ಲ. ಎದ್ದು ಹೋಗಿ ಗೋಣಿ ಹೊದ್ದ ಚಕ್ರದ ಮುಂದಿನ ಸ್ಟೂಲಿನ ಮೇಲೆ ಕೂರುತ್ತಾರೆ. ಹತ್ತಿರ ಹೋಗಿ, ಗೆದ್ದಿರಲ್ಲ ಎನ್ನುತ್ತೇನೆ. ಅವರು ಗೋಣಿಯ ಅಂಚನ್ನು ಮಡಿಸುತ್ತಾ ಹೇಳುತ್ತಾರೆ.

"ಹನ್ನೆರಡಕ್ಕೆ ಹನ್ನೆರಡೂ ಬಂದ್ವು. ಅಂದ್ರೆ ಅವತ್ತು ನೀರಲ್ಲಿ ಕೊಯ್ದಿದ್ರೂ ಬರ್ತಿದ್ವು. ಒಂದೆರಡು ಒಡೆದಿದ್ರೆ, ಆಗ ಬೇರೆ ದಾರಿ ಇರ್ಲಿಲ್ಲ ಅಂತ ನಾನು ಅಂದ್ಕೋಬಹುದಿತ್ತು. ಆದ್ರೆ ಈ ಹೊಸಬಳ ಗತಿ ಏನಾಗೋದು? ಅದಕ್ಕೇ ಒಂದೂ ಒಡೀಬಾರದು ಅಂತ ಹತ್ತು ದಿನವೂ ಬೇಡ್ಕೊಂಡೆ."

ನಿಮಗೆ ಗೊತ್ತಿರಲಿಲ್ಲವಲ್ಲ ಎಂದು ಹೇಳಬಹುದಿತ್ತು. ಹೇಳಿದವರು ಎಷ್ಟೋ ಜನ ಇರಬೇಕು. ಕೆಲಸದ ಗಂಟೆ ಹೊಡೆಯುತ್ತದೆ, ಉಳಿದವರ ಚಕ್ರಗಳು ತಿರುಗತೊಡಗುತ್ತವೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ, ಇಂಥ ಲೇಖನದ ಕೊನೆಗೆ ನಾವು ಕೇಳುವ ಮಾಮೂಲಿ ಪ್ರಶ್ನೆ. ಅವರು ಉತ್ತರ ಕೊಡುವ ಮೊದಲೇ ಹೊಸಬಳು ಚಕ್ರ ನಿಲ್ಲಿಸಿ ಬಂದು ಎರಡೂ ಕೈ ಚಾಚುತ್ತಾಳೆ. ಒಂದು ತಿಂಗಳ ನೀರಿಗೇ ಬೆರಳ ತುದಿಗಳು ಬಿಳುಚಿ ಬಿರಿಯತೊಡಗಿವೆ.

"ಅಕ್ಕ, ಇದು ಹೀಗೇನಾ? ಬೇರೆ ಒಣ ಕೆಲಸ ಯಾವುದಾದ್ರೂ ಇದ್ರೆ ಹೇಳಿ."

ನೀರಕ್ಕ ಆ ಕೈಗಳನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಡ್ರಾಯರಿನಿಂದ ಎಣ್ಣೆಯ ಬಾಟಲಿ ತೆಗೆದು ಒಂದೊಂದೇ ಬೆರಳಿಗೆ ಹಚ್ಚುತ್ತಾರೆ, ಬುಡದಿಂದ ತುದಿಯವರೆಗೆ.

"ಒಡೆಯುತ್ತೆ. ದಿನಾ ನಾನೇ ಎಣ್ಣೆ ಹಚ್ಚಿಕೊಡ್ತೀನಿ. ನೀನು ನೀರಲ್ಲೇ ಇರು."