ಸರಪಳಿ ಅಕ್ಕನ ಏಳು ಕಿಲೋಮೀಟರ್

ಬೆಳಗಿನ ಐದೂಮುಕ್ಕಾಲು. ಬೆಟ್ಟದ ನೆತ್ತಿಗೆ ಮಾತ್ರ ಬೆಳಕು ತಾಗಿದೆ, ಕೆಳಗೆ ಇನ್ನೂ ನಸುಗತ್ತಲು. ಸಂರಕ್ಷಿತ ಪ್ರದೇಶದ ಕಾಲುದಾರಿಯ ಮೂರನೇ ತಿರುವಿನಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣು ಕೆದಕಿ ತೆಗೆಯುತ್ತಾರೆ. ಮುಷ್ಟಿಯಲ್ಲಿ ಅಮುಕಿ ಉಂಡೆ ಮಾಡುತ್ತಾರೆ. ಎದ್ದು ನಿಂತು ಸೊಂಟದೆತ್ತರದಿಂದ ಅದನ್ನು ಬಿಡುತ್ತಾರೆ. ಉಂಡೆ ನಾಲ್ಕು ಚೂರಾಗುತ್ತದೆ. ಚೂರಾದರೆ ದಾರಿ ಒಣಗಿದೆ, ಜನರನ್ನು ಬಿಡಬಹುದು. ಒಡೆಯದೆ ಗಟ್ಟಿಯಾಗಿ ಕೂತರೆ ಕೆಳಗಿನ ಗೇಟಿಗೆ ಅವತ್ತಿಡೀ ಸರಪಳಿ.

ಆ ಸರಪಳಿಯಿಂದಲೇ ಅವರಿಗೆ 'ಸರಪಳಿ ಅಕ್ಕ' ಎಂಬ ಹೆಸರು ಬಂದಿದೆ. ಇಟ್ಟವರು ಸೈಕಲ್ ಸವಾರರು, ಅದೂ ಪ್ರೀತಿಯಿಂದಲ್ಲ. ರಜಾದಿನ ನಸುಕಿನಲ್ಲೆದ್ದು, ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬಂದವರಿಗೆ ಗೇಟಿನಲ್ಲಿ 'ಇವತ್ತು ದಾರಿ ಹಸಿ' ಎಂಬ ಹಲಗೆ ಕಂಡರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ. ಅಕ್ಕ ಇಪ್ಪತ್ತೊಂದು ವರ್ಷದಿಂದ ಅವರ ಹಿಡಿಶಾಪ ಕೇಳುತ್ತಿದ್ದಾರೆ. ಈಗ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಸಂರಕ್ಷಿತ ಪ್ರದೇಶದ ಕಚೇರಿಗಾಗಿ ಅಕ್ಕ ನೋಡಿಕೊಳ್ಳುವ ದಾರಿಯ ಉದ್ದ ಏಳು ಕಿಲೋಮೀಟರ್. ಅದಕ್ಕೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ತೋಡಿದ ಸಣ್ಣ ಕಾಲುವೆಗಳು ನೂರಾ ಹದಿನೆಂಟು. ಮಳೆನೀರು ದಾರಿಯುದ್ದಕ್ಕೂ ಹರಿಯದೆ ಪಕ್ಕಕ್ಕೆ ಇಳಿದು ಹೋಗಲೆಂದು ಇವು. ಎಲೆ ತುಂಬಿ ಕಟ್ಟಿಕೊಂಡರೆ ಕೆರೆಯಬೇಕು. ಅಕ್ಕನ ಬಳಿ ಇರುವುದು ಒಂದು ಗುದ್ದಲಿ, ಒಂದು ಹಾರೆ, ಒಂದು ಬುಟ್ಟಿ. ಒಳಗೆ ಯಂತ್ರ ತರುವಂತಿಲ್ಲ, ಮರ ಕಡಿಯುವಂತಿಲ್ಲ. ಹೊರಗಿನ ಒಂದು ಹಿಡಿ ಮಣ್ಣನ್ನೂ ತರುವಂತಿಲ್ಲ, ಅದರ ಜೊತೆ ಪರದೇಶದ ಕಳೆಬೀಜ ಬಂದೀತೆಂದು. ಮಳೆ ಬಂದಾಗ ಉಳಿದವರು ಒಳಗೆ ಓಡಿದರೆ ಅಕ್ಕ ಕೊಡೆ ಹಿಡಿದು ಹೊರಗೆ ಹೊರಡುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಟ ಮಾಡುತ್ತದೆ ಎಂದು ಅದರ ಹಿಂದೆಯೇ ನಡೆದು ನೋಡಿಬರುತ್ತಾರೆ.

ಗೇಟಿನ ಎದುರಿಗೇ ಒಂದು ಸೈಕಲ್ ರಿಪೇರಿ ಅಂಗಡಿಯಿದೆ. ಅದು ಅಕ್ಕನ ಯಜಮಾನರದ್ದು. ಹೆಂಡತಿ ಗೇಟು ಮುಚ್ಚಿದ ದಿನ ಗಂಡ ನೊಣ ಹೊಡೆಯುತ್ತಾರೆ. ಮನೆಯಲ್ಲಿ ಇದಕ್ಕೆ ಜಗಳವಾಗುವುದಿಲ್ಲವೇ ಎಂದು ಕೇಳಿದೆ. ಅವರು ಒಂದು ಚಕ್ರವನ್ನು ತಿರುಗಲು ಬಿಟ್ಟು, ಅದರ ಓಲಾಟ ನೋಡುತ್ತಲೇ ಉತ್ತರಿಸಿದರು. "ಕೆಸರಲ್ಲಿ ಸೈಕಲ್ ಬಿಟ್ರೆ ನಂಗೆ ಕೈತುಂಬ ಕೆಲಸ, ಬಿಡದಿದ್ರೆ ಅವಳಿಗೆ ನೆಮ್ಮದಿ. ಅದಕ್ಕೇ ನಾವಿಬ್ರೂ ಊಟಕ್ಕೆ ಕೂತಾಗ ಮೋಡದ ಸುದ್ದಿನೇ ಎತ್ತಲ್ಲ."

ಹನ್ನೊಂದು ತಿಂಗಳಿಂದ ಆ ಅಂಗಡಿ ಹೆಚ್ಚುಕಡಿಮೆ ಖಾಲಿ. ಇಡೀ ದಾರಿಯೇ ಮುಚ್ಚಿದೆ. ಕಾರಣ ಅಕ್ಕನ ಒಂದು ತಪ್ಪು. ಇದನ್ನು ನನಗೆ ಹೇಳಿದವರೂ ಅವರೇ.

ಅವತ್ತು ಭಾನುವಾರ. ಮೂರು ದಿನ ಸುರಿದ ಮಳೆ ಹಿಂದಿನ ದಿನವಷ್ಟೇ ನಿಂತಿತ್ತು. ಗೇಟಿನ ಮುಂದೆ ನಲವತ್ತಕ್ಕೂ ಹೆಚ್ಚು ಸೈಕಲ್‌ಗಳು. ಅಕ್ಕನಿಗೆ ಮಂಡಿನೋವು. ಮೂರನೇ ತಿರುವು ದಟ್ಟ ನೆರಳಿನಲ್ಲಿದೆ, ದಾರಿಯಲ್ಲಿ ಕೊನೆಗೆ ಒಣಗುವ ಜಾಗ ಅದೇ. ಅಲ್ಲಿಯ ಮಣ್ಣನ್ನೇ ನೋಡಬೇಕು. ಅವರು ಗೇಟಿನ ಪಕ್ಕದ, ಬಿಸಿಲು ಬಿದ್ದ ಮಣ್ಣು ತೆಗೆದು ಉಂಡೆ ಕಟ್ಟಿದರು. ಒಡೆಯಿತು. ಸರಪಳಿ ಬಿಚ್ಚಿದರು. ಮೇಲೆ ನೆಲ ಕಲಸಿದ ಹಿಟ್ಟಿನಂತಿತ್ತು, ಚಕ್ರಗಳು ಗೇಣುದ್ದ ಆಳಕ್ಕೆ ಗೀರು ಹಾಕಿ ಹೋದವು. ನಾಲ್ಕು ದಿನದ ನಂತರ ಬಂದ ಜೋರುಮಳೆ ಆ ಗೀರುಗಳನ್ನೇ ಹಿಡಿದು ಇಳಿದು ತಿರುವನ್ನು ಕೊಚ್ಚಿಕೊಂಡು ಹೋಯಿತು. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ.

ವಿಚಾರಣೆಗೆ ಬಂದವರೆಲ್ಲ ಮಳೆಯನ್ನು ದೂರಿದರು. ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಕಡತ ಅಲ್ಲಿಗೇ ಮುಗಿಯುತ್ತಿತ್ತು. "ಮಳೆ ಅದರ ಪಾಡಿಗೆ ಬಂತು, ಹೋಯ್ತು. ಕೆಳಗಿನ ಮಣ್ಣು ನೋಡಿ ಮೇಲಿನ ದಾರಿಗೆ ಜನ ಬಿಟ್ಟವಳು ನಾನು ಅಂದೆ," ಎನ್ನುತ್ತಾರೆ. ಅವರನ್ನು ಸಸಿಗಳಿಗೆ ನೀರು ಹಾಕುವ ಕೆಲಸಕ್ಕೆ ಕಳಿಸುವ ಮಾತಾಯಿತು. ಕೊನೆಗೆ ಕಚೇರಿ ಒಂದು ಅವಕಾಶ ಕೊಟ್ಟಿತು. ವರ್ಷದೊಳಗೆ ತಿರುವು ಸರಿಯಾದರೆ ದಾರಿ ಉಳಿಯುತ್ತದೆ. ಇಲ್ಲದಿದ್ದರೆ ನಡೆಯುವವರಿಗೂ ಸೈಕಲ್ಲಿಗೂ ಶಾಶ್ವತವಾಗಿ ಮುಚ್ಚಿ ಹುಲ್ಲು ಬೆಳೆಯಲು ಬಿಡುವುದು.

ಹೊರಗಿನ ಮಣ್ಣು ತರುವಂತಿಲ್ಲವಲ್ಲ, ಹಾಗಾಗಿ ಕೊಚ್ಚಿಹೋದ ಮಣ್ಣನ್ನೇ ಅಕ್ಕ ಕೆಳಗಿನ ಹಳ್ಳದಿಂದ ಬಾಚಿ ಬುಟ್ಟಿಯಲ್ಲಿ ಮೇಲಕ್ಕೆ ಹೊತ್ತಿದ್ದಾರೆ. ದಿನಕ್ಕೆ ಒಂಬತ್ತು ಬುಟ್ಟಿ, ಮಂಡಿ ಹಟ ಹಿಡಿದ ದಿನ ಆರು. ಕಲ್ಲು ಜೋಡಿಸಲು ಇಬ್ಬರು ಕೂಲಿಯಾಳುಗಳು ಹದಿನೈದು ದಿನ ಬಂದಿದ್ದರು. ಉಳಿದದ್ದೆಲ್ಲ ಒಂಟಿ ದುಡಿಮೆ. ದಾರಿ ಮುಚ್ಚಿದ್ದರೂ ಬೆಳಗಿನ ಉಂಡೆ ಪರೀಕ್ಷೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಬಿಡಲು ಜನರೇ ಇಲ್ಲದಾಗ ಅದೇಕೆ ಎಂದರೆ ನಕ್ಕು ಗುದ್ದಲಿ ಎತ್ತಿಕೊಳ್ಳುತ್ತಾರೆ.

ನಾನು ಹೋದ ದಿನವೇ ಕಚೇರಿಯ ತಪಾಸಣೆ. ಒಂಬತ್ತು ಗಂಟೆಗೆ ಬಂದ ಅಧಿಕಾರಿ ಅಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಿತಭಾಷಿ. ಅವರ ಪರೀಕ್ಷೆ ಸರಳ: ತಿರುವಿನ ಮೇಲ್ಭಾಗದಲ್ಲಿ ಒಂದು ಕ್ಯಾನ್ ನೀರು ಸುರಿಯುವುದು. ನೀರು ದಾರಿಯನ್ನು ಅಡ್ಡ ದಾಟಿ ಹೊರಅಂಚಿನಿಂದ ಇಳಿದರೆ ಪಾಸು. ದಾರಿಯುದ್ದಕ್ಕೂ ಓಡಿದರೆ ಇಷ್ಟು ದಿನದ ಬುಟ್ಟಿಗಳೆಲ್ಲ ನೀರಲ್ಲಿ ಹೋಮ.

ಮೊದಲ ಸಲ ನೀರು ಇಳಿಜಾರಿನತ್ತ ಒಂದು ಮೊಳ ಓಡುತ್ತದೆ. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ನಡುವೆ ತಡೆದು, ನಿಧಾನವಾಗಿ ಹೊರಳಿ, ನೀರು ಅಂಚಿನ ಹುಲ್ಲಿಗೆ ಇಳಿಯುತ್ತದೆ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಅಧಿಕಾರಿ ಕ್ಯಾನನ್ನು ಒಮ್ಮೆಗೇ ಬೋರಲು ಹಾಕುತ್ತಾರೆ. ಆ ನೀರೂ ಅಂಚಿನತ್ತಲೇ ಹೊರಳುತ್ತದೆ. ಅವರು ಕಾಗದದಲ್ಲಿ ಏನೋ ಗೀಚಿ, ದಾರಿ ತೆರೆಯಬಹುದಮ್ಮಾ ಎಂದು ಹೇಳಿ, ಗೇಟಿನ ಸರಪಳಿ ಬಿಚ್ಚಲು ಇಳಿದು ಹೋಗುತ್ತಾರೆ. ಅಕ್ಕ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ತುಸು ಹೊತ್ತು ಅಳುತ್ತಾರೆ. ನಾನು ಬೆಟ್ಟ ನೋಡುತ್ತಾ ನಿಲ್ಲುತ್ತೇನೆ.

ಹತ್ತೂವರೆಗೆ ಮೊದಲ ಜನ ಬರುತ್ತಾರೆ. ಊರುಗೋಲು ಹಿಡಿದ ವಯಸ್ಸಾದ ದಂಪತಿ, ಹಿಂದೆ ಮೂರು ಸೈಕಲ್. ಗಂಡಹೆಂಡಿರು ಎದುರಿನ ಶಿಖರದ ಎತ್ತರದ ಬಗ್ಗೆ ವಾದ ಮಾಡುತ್ತಲೇ ತಿರುವು ದಾಟುತ್ತಾರೆ. ಸವಾರರೂ ಕತ್ತೆತ್ತಿ ಅತ್ತಲೇ ನೋಡುತ್ತಾ ಸಾಗುತ್ತಾರೆ. ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತವರಿಗೆ ಒಂದು ನಮಸ್ಕಾರವೂ ಇಲ್ಲ.

ಹನ್ನೊಂದು ತಿಂಗಳ ಕೆಲಸದ ಮೇಲೆ ಹೆಜ್ಜೆಯಿಟ್ಟು ಹೋದರು, ಯಾರೂ ಕೆಳಗೆ ನೋಡಲೇ ಇಲ್ಲವಲ್ಲ, ನಿಮಗೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತೇನೆ. ಏನೂ ತಿಳಿಯದವರನ್ನು ನೋಡುವಂತೆ ಅಕ್ಕ ನನ್ನನ್ನು ನೋಡುತ್ತಾರೆ.

"ಕಾಲಿಗೆ ಏನೋ ಅನುಮಾನ ಬಂದ್ರೆ ತಾನೆ ಕಣ್ಣು ಕೆಳಗೆ ಹೋಗೋದು?" ಎನ್ನುತ್ತಾರೆ. "ಐದು ಜನ ದಾಟಿದ್ರು. ಒಬ್ರೂ ನೋಡ್ಲಿಲ್ಲ."