ಹಿಂದಕ್ಕೆ ಸರಿಸಿದ ಎಲೆಯಡಿಕೆ ತಟ್ಟೆ

ಅಕ್ಕನ ಗಂಡ ಕುಡಗೋಲು ಎತ್ತಿದಾಗ ನಾನು ಪಡಸಾಲೆಯಲ್ಲಿದ್ದೆ. ಅಕ್ಕ ಸರಿದುಕೊಂಡಳು, ಏಟು ಬಾಗಿಲ ಚೌಕಟ್ಟಿಗೆ ಬಿತ್ತು. ಈಗಲೂ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದರೆ ಬೆಚ್ಚಿಬೀಳುತ್ತೇನೆ.

ವಿಚ್ಛೇದನ ಕೇಳಲು ಹೋದ ಅಕ್ಕನಿಗೆ ಸಿಂದಗಿಯ ವಕೀಲರು ಎರಡು ದಾರಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಯಾರ ತಪ್ಪನ್ನೂ ಸಾಬೀತುಪಡಿಸದೆ ವಿಚ್ಛೇದನ ಸಿಗುತ್ತದೆ. ಕ್ರೌರ್ಯದ ಕಾರಣ ಕೊಟ್ಟರೆ ಸಾಕ್ಷಿ ಬೇಕು, ತಡವೂ ಆಗುತ್ತದೆ. ಆಯ್ಕೆ ಅವಳದೇ ಎಂದರು.

ಮರುವಾರ ಹಿರಿಯರು ಮನೆಗೆ ಬಂದು ಕೂತರು. ಸೋದರಮಾವ ಎಲೆಯಡಿಕೆ ತಟ್ಟೆಯನ್ನು ಅಕ್ಕನ ಮುಂದಿಟ್ಟ. ಎಲೆ ತೆಗೆದುಕೊಂಡರೆ ಒಪ್ಪಿಗೆಯ ವಿಚ್ಛೇದನಕ್ಕೆ ಮಾತು ಕೊಟ್ಟಂತೆ.

"ತಗೋಳವ್ವ. ಯಾರ ಮ್ಯಾಲೂ ತಪ್ಪ ಬರೂದಿಲ್ಲ" ಎಂದ.

"ತಪ್ಪ ಯಾರ್ದೂ ಅಲ್ಲಂದ್ರ ಕುಡಗೋಲ ತಾನ ಎದ್ದು ಬಂತೇನು, ಮಾಮಾ?" ಅಕ್ಕ ಕೇಳಿದಳು. "ಕೋರ್ಟ್ ಅವನ ತಪ್ಪ ಹೇಳಲಿಲ್ಲಂದ್ರ ಊರು ನನ್ನ ಮ್ಯಾಲ ಹೊರಸ್ತೈತಿ."

ಮಾವ ನನ್ನತ್ತ ತಿರುಗಿದ. "ಕಾಲೇಜ್ ಕಲಿತಾಕಿ ನೀನರ ಬುದ್ಧಿ ಹೇಳು. ರೊಟ್ಟಿ ಸಪ್ಪಳಕ್ಕ ನಡಗ್ತಿ, ಕೋರ್ಟಿನ್ಯಾಗ ಏನ್ ಸಾಕ್ಷಿ ಹೇಳ್ತಿ?"

ಅಕ್ಕನ ಮುಂದಿದ್ದ ತಟ್ಟೆಯನ್ನು ನಾನು ಅವನತ್ತ ಸರಿಸಿದೆ.

"ನಡಗ್ಕೋತನ ಹೇಳ್ತೇನಿ, ಮಾಮಾ. ಕಣ್ಣಾರೆ ನೋಡಿದಾಕಿ ನಾನು."