ಭಾವನಿಗೆ ಬಂದ ತಲೆನೋವು

ಮುಳಬಾಗಿಲಿನ ಗರಡಿಮನೆಯಲ್ಲಿ ನಾನು ಬಸ್ಕಿ ಹೊಡೆಯಲು ಕಲಿತದ್ದು ನನ್ನ ಅಕ್ಕನ ಗಂಡನಿಂದ. ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷವಿರಬೇಕು. ಒಂದು ಬೆಳಗ್ಗೆ ಗುಂಡುಕಲ್ಲನ್ನು ಎದೆಮಟ್ಟಕ್ಕೆ ಎತ್ತಿದ ಭಾವ ಅದನ್ನು ಕೆಮ್ಮಣ್ಣಿನ ಮೇಲೆ ಬಿಸಾಡಿ, ತಲೆ ಹಿಡಿದು ಕುಳಿತ.

“ಹಿಂದ್ಗಡೆ ಯಾರೋ ಸುತ್ತಿಗೇಲಿ ಹೊಡ್ದಂಗಾಯ್ತು ಕಣೋ.”

ನಾನು ನಕ್ಕೆ. “ಇನ್ನೊಂದ್ಸಲ ಎತ್ತು ಭಾವ, ಅದೇ ಹೋಗ್ತದೆ.”

ಎತ್ತಿದ. ಕಲ್ಲು ಭುಜ ಮುಟ್ಟುವ ಮೊದಲೇ ಕುಸಿದ. ನಾವು ಗಾಡಿ ಹೂಡುವಷ್ಟರಲ್ಲಿ ಮಾತು ನಿಂತಿತ್ತು. ಮಧ್ಯಾಹ್ನಕ್ಕೆ ಜೀವ ಹೋಯಿತು. ನಾನು ಆಡಿದ ಮಾತನ್ನು ಯಾರಿಗೂ ಹೇಳಲಿಲ್ಲ.

ಅಕ್ಕ ನಮ್ಮ ಮನೆಗೇ ಬಂದು ಉಳಿದಳು. ವರ್ಷ ಕಳೆದ ಮೇಲೆ ನಾನು ಮತ್ತೆ ಗರಡಿಗೆ ಹೋದೆ. ಬಸ್ಕಿ ನಲವತ್ತು ದಾಟುತ್ತಲೇ ತಲೆಯ ಎರಡೂ ಕಡೆ ಡವಡವ ಬಡಿತ. ಮಾರನೆಯ ದಿನವೂ ಅದೇ. ಪಕ್ಕದಲ್ಲಿ ಭಾವನ ಏದುಸಿರು ಕೇಳಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಅವನ ನೋವೇ ನನ್ನನ್ನು ಹುಡುಕಿಕೊಂಡು ಬಂದಿದೆ ಎಂದುಕೊಂಡೆ. ಹಣೆಗೆ ಬಟ್ಟೆ ಬಿಗಿದು ಮನೆಗೆ ಬಂದಾಗ ಅಕ್ಕನ ಕೈಯಿಂದ ಮೊರ ಜಾರಿತು.

“ನಿಂಗೂ ಬಂತಾ?”

ಅವಳೇ ಹಟ ಹಿಡಿದು, ಪೆಟ್ರೋಲ್ ಸಿಗದೆ ಆಗ ಇದ್ದಲಿನಿಂದ ಓಡುತ್ತಿದ್ದ ಬಸ್ಸು ಹತ್ತಿಸಿ ಕೋಲಾರಕ್ಕೆ ಕರೆದೊಯ್ದಳು. ಡಾಕ್ಟರು ನನ್ನ ಕತ್ತು ಬಗ್ಗಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನೋವು ಹೇಗೆ ಬರುತ್ತದೆಂದು ಕೇಳಿದರು. ಮೆಲ್ಲಗೆ ಏರಿ, ಕೂತರೆ ಗಂಟೆಯೊಳಗೆ ಇಳಿಯುತ್ತದೆ ಎಂದೆ.

“ಇದು ದಣಿವಿನ ತಲೆನೋವು. ಸ್ವಲ್ಪ ದಿನ ಬಿಡಿ. ಆಮೇಲೆ ನಿಧಾನಕ್ಕೆ ಶುರು ಮಾಡಿ. ಉಸಿರು ಬಿಗಿ ಹಿಡೀಬೇಡಿ.”

ಅಕ್ಕ ಭಾವನ ಕಥೆ ಹೇಳಿದಳು. ಡಾಕ್ಟರು ಕೈಯಲ್ಲಿದ್ದ ಲೇಖನಿ ಕೆಳಗಿಟ್ಟರು. “ಅದು ಬೇರೇನೇ ಕಾಯಿಲೆ ಅಮ್ಮ. ಏಟು ಬಿದ್ದಂಗೆ ಬಂದಾಗ ಮಲಗಿಸ್ಬೇಕಿತ್ತು. ಮತ್ತೆ ಎತ್ತಬಾರ್ದಿತ್ತು.”

ಬೀದಿಗೆ ಬಂದ ಮೇಲೆ ನನ್ನ ಕೈಲಿ ತಡೆಯಲಾಗಲಿಲ್ಲ. “ಎತ್ತು ಅಂದವ್ನು ನಾನೇ ಅಕ್ಕಾ.”

ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. “ಹಿಂದಿನ ದಿನಾನೇ ತಲೆ ನೋವು ಅಂದಿದ್ರು. ಗರಡಿಗೆ ಹೋದ್ರೆ ಸರಿಹೋಗ್ತದೆ ಅಂತ ಬೈದು ಕಳಿಸಿದ್ದು ನಾನು.”

ವಾಪಸು ಬರುವಾಗ ನನ್ನ ಪಕ್ಕದಲ್ಲೇ ಕುಳಿತಳು.

ಎರಡು ತಿಂಗಳಲ್ಲಿ ನನ್ನ ನೋವು ಹೋಯಿತು. ಗರಡಿಗೆ ಹೋಗು ಎಂದವಳು ಅಕ್ಕನೇ. ಆದರೆ ನಾನು ಹಿಂದಿರುಗುವವರೆಗೂ, ಎಷ್ಟು ಹೇಳಿದರೂ ಕೇಳದೆ, ಬಾಗಿಲಲ್ಲೇ ನಿಂತಿರುತ್ತಿದ್ದಳು.